ಶಾರದಾ ಸದನದ ರಮಾಬಾಯಿ

ಪಶ್ಚಿಮ ಘಟ್ಟದ ದಟ್ಟವಾದ ಅರಣ್ಯದಲ್ಲಿ ಗಂಗಾಮೂಲವೆಂಬ ಸ್ಥಳವಿದೆ. ತುಂಗೆ, ಭದ್ರೆ, ನೇತ್ರಾವತಿ ಎಂಬ ಮೂರು ನದಿಗಳ ಉಗಮಸ್ಥಾನವದು. ಇಂದು ಚಿಕ್ಕಮಗಳೂರು ಜಿಲ್ಲೆಗೆ ಸೇರಿರುವ ಆ ಕಾಡಿಗೆ ಹತ್ತೊಂಬತ್ತನೆಯ ಶತಮಾನದ ಮಧ್ಯಭಾಗದಲ್ಲಿ ಒಬ್ಬ ಪಂಡಿತರು ತಮ್ಮ ಎಳೆಯ ಹೆಂಡತಿಯೊಡನೆ ಬಂದರು. ತಲೆಯ ಮೇಲೆ ಸೂರಿರಲಿಲ್ಲ. ಮೊದಲ ರಾತ್ರಿ ಕಣಿವೆಯ ಆಚೆಯಿಂದ ಹುಲಿಯ ಗರ್ಜನೆ ಕೇಳಿಸುತ್ತಿತ್ತು. ಹುಡುಗಿ ಹೊದಿಕೆಯನ್ನು ಬಿಗಿಯಾಗಿ ಸುತ್ತಿಕೊಂಡು ನಡುಗುತ್ತ ನೆಲದ ಮೇಲೆ ಮಲಗಿದ್ದಳು. ಗಂಡ ಬೆಳಗಾಗುವವರೆಗೂ ಕಾವಲು ಕುಳಿತಿದ್ದನು. ಊರು, ಬಂಧುಬಳಗ ಎಲ್ಲವನ್ನೂ ಬಿಟ್ಟು ಅವರು ಅಲ್ಲಿಗೆ ಬಂದ ಕಾರಣ ವಿಚಿತ್ರವಾದುದು. ತಮ್ಮ ಹೆಂಡತಿಗೆ ಸಂಸ್ಕೃತವನ್ನು ಕಲಿಸಬೇಕೆಂಬುದೇ ಆ ಪಂಡಿತರ ಹಂಬಲವಾಗಿತ್ತು.

ಅವರ ಹೆಸರು ಅನಂತಶಾಸ್ತ್ರಿ ಡೋಂಗ್ರೆ. ಕಾರ್ಕಳದ ಬಳಿಯ ಮಾಳ ಗ್ರಾಮದ ಕಡೆಯವರು. ಯೌವನದಲ್ಲಿ ಪುಣೆಗೆ ಹೋಗಿ ರಾಮಚಂದ್ರಶಾಸ್ತ್ರಿಗಳೆಂಬ ವಿದ್ವಾಂಸರಲ್ಲಿ ವ್ಯಾಸಂಗ ಮಾಡಿದರು. ಆ ಗುರುಗಳು ಪೇಶ್ವೆಯ ರಾಣಿಗೂ ಸಂಸ್ಕೃತವನ್ನು ಹೇಳಿಕೊಡುತ್ತಿದ್ದರು. ಹೆಂಗಸೊಬ್ಬರು ಶ್ಲೋಕಗಳನ್ನು ಸ್ಪಷ್ಟವಾಗಿ ಹೇಳುವುದನ್ನು ಕೇಳಿ ಶಿಷ್ಯನಿಗೆ ಬೆರಗಾಯಿತು. ತನ್ನ ಮನೆಯಲ್ಲಿಯೂ ಹೀಗೇಕೆ ಆಗಬಾರದೆಂಬ ಆಸೆ ಹುಟ್ಟಿತು. ಮೊದಲ ಹೆಂಡತಿಗೆ ಕಲಿಸಲು ಹಿರಿಯರು ಒಪ್ಪಲಿಲ್ಲ. ಆಕೆ ತೀರಿಕೊಂಡ ಮೇಲೆ ಕೈಹಿಡಿದ ಲಕ್ಷ್ಮೀಬಾಯಿಗೆ ಅವರು ಪಾಠವನ್ನು ಆರಂಭಿಸಿದರು. ಸುದ್ದಿ ಹರಡಿ, ಉಡುಪಿಯಲ್ಲಿ ಸೇರಿದ ಪಂಡಿತರ ಮುಂದೆ ಅವರು ಉತ್ತರ ಹೇಳಬೇಕಾಯಿತು. ಶಾಸ್ತ್ರಗ್ರಂಥಗಳಿಂದಲೇ ಆಧಾರಗಳನ್ನು ತೆಗೆದುಕೊಟ್ಟು ತಮ್ಮ ನಡೆ ತಪ್ಪಲ್ಲವೆಂದು ಅವರು ವಾದಿಸಿದರು. ಆದರೂ ಊರಿನ ಅಸಮಾಧಾನ ತಣಿಯಲಿಲ್ಲ. ಆದುದರಿಂದಲೇ ಅವರು ಕಾಡನ್ನು ಆರಿಸಿಕೊಂಡರು. ಕ್ರಮೇಣ ಗಂಗಾಮೂಲದಲ್ಲಿ ಮನೆ ಎದ್ದಿತು. ದೂರದೂರದಿಂದ ವಿದ್ಯಾರ್ಥಿಗಳು ಬಂದು ಅಲ್ಲಿಯೇ ಉಂಡು, ಅಲ್ಲಿಯೇ ಮಲಗಿ ಓದತೊಡಗಿದರು. ಮನೆಯೇ ಶಾಲೆಯಾಯಿತು.

ಆ ಮನೆಯಲ್ಲಿ 1858ರ ಏಪ್ರಿಲ್ 23ರಂದು ದಂಪತಿಗಳ ಕಿರಿಯ ಮಗಳು ಹುಟ್ಟಿದಳು. ಅವಳೇ ರಮಾ. ಅತಿಥಿಗಳ ಹಾಗೂ ಶಿಷ್ಯರ ಪೋಷಣೆಯಲ್ಲಿ ಶಾಸ್ತ್ರಿಗಳ ಹಣವೆಲ್ಲ ಕರಗಿತ್ತು. ಮಗುವಿಗೆ ಆರು ತಿಂಗಳಾದಾಗ ಸಂಸಾರ ಕಾಡನ್ನು ಬಿಟ್ಟು ತೀರ್ಥಯಾತ್ರೆಗೆ ಹೊರಟಿತು. ಬೆತ್ತದ ಬುಟ್ಟಿಯೊಂದರಲ್ಲಿ ಕುಳಿತು, ಆಳಿನ ತಲೆಯ ಮೇಲೆ ರಮಾ ಘಟ್ಟವನ್ನು ಇಳಿದಳು. ಅಲ್ಲಿಂದ ಮುಂದೆ ಅವರಿಗೆ ನೆಲೆಯಾದ ಊರಿರಲಿಲ್ಲ. ದೇವಾಲಯಗಳ ಜಗಲಿಯಲ್ಲಿ ಪುರಾಣವನ್ನು ಓದುವುದು, ಕೇಳಿದವರು ಕೊಟ್ಟ ಕಾಳುಕಡ್ಡಿಯಲ್ಲಿ ಜೀವಿಸುವುದು, ಮತ್ತೆ ಮುಂದಿನ ಕ್ಷೇತ್ರಕ್ಕೆ ನಡೆಯುವುದು, ಇದೇ ಅವರ ಬಾಳಾಯಿತು. ತಾಯಿಗೆ ಹಗಲೆಲ್ಲ ಮನೆಗೆಲಸ. ಆದುದರಿಂದ ನಸುಕಿನಲ್ಲಿಯೇ ಮಗಳನ್ನು ಎಬ್ಬಿಸಿ ಪಾಠ ಹೇಳಿಕೊಡುತ್ತಿದ್ದಳು. ಕಾಡಿನಲ್ಲಿ ಗಂಡನಿಂದ ಕಲಿತ ವಿದ್ಯೆ ಹಾದಿಯಲ್ಲಿ ಮಗಳಿಗೆ ಸಂದಿತು. ಭಾಗವತದ ಸಾವಿರಾರು ಶ್ಲೋಕಗಳು ರಮಾಗೆ ಕಂಠಪಾಠವಾದವು. ಸಂಸ್ಕೃತವಲ್ಲದೆ ಮರಾಠಿ, ಕನ್ನಡ, ಹಿಂದಿ ಭಾಷೆಗಳನ್ನೂ ಅವಳು ಬಲ್ಲವಳಾದಳು.

1870ರ ದಶಕದಲ್ಲಿ ದಕ್ಷಿಣದ ಸೀಮೆಯಲ್ಲಿ ಕ್ಷಾಮ ತಲೆದೋರಿತು. ಪುರಾಣವನ್ನು ಕೇಳುವವರಿಗೇ ಅನ್ನವಿಲ್ಲದಿರುವಾಗ ಹೇಳುವವರಿಗೆ ಎಲ್ಲಿಂದ ಬರಬೇಕು? ತಂದೆ, ತಾಯಿ, ಅಕ್ಕ ಕೃಷ್ಣಾಬಾಯಿ ಒಬ್ಬರಾದ ಮೇಲೊಬ್ಬರು ಕಣ್ಮುಚ್ಚಿದರು. ಉಳಿದವರು ರಮಾಬಾಯಿ ಮತ್ತು ಅಣ್ಣ ಶ್ರೀನಿವಾಸ. ಇಬ್ಬರೂ ಕಾಲ್ನಡಿಗೆಯಲ್ಲಿಯೇ ಉತ್ತರ ದೇಶವನ್ನು ಸುತ್ತಿ 1878ರಲ್ಲಿ ಕಲ್ಕತ್ತೆಯನ್ನು ಸೇರಿದರು. ಅಲ್ಲಿಯ ವಿದ್ವಾಂಸರು ಇಪ್ಪತ್ತು ವರ್ಷದ ಈ ತರುಣಿಯನ್ನು ಪರೀಕ್ಷಿಸಿ, ಆಕೆಯ ಪಾಂಡಿತ್ಯಕ್ಕೆ ತಲೆದೂಗಿ, ಪಂಡಿತಾ ಹಾಗೂ ಸರಸ್ವತಿ ಎಂಬ ಬಿರುದುಗಳನ್ನು ನೀಡಿದರು. ಯಾವ ವಿದ್ಯೆಗಾಗಿ ತಂದೆ ಊರು ಬಿಡಬೇಕಾಯಿತೋ ಅದೇ ವಿದ್ಯೆಗಾಗಿ ಮಗಳಿಗೆ ತುಂಬಿದ ಸಭೆಯಲ್ಲಿ ಗೌರವ ದೊರೆಯಿತು.

ಆದರೆ ಸುಖ ಬಹುಕಾಲ ನಿಲ್ಲಲಿಲ್ಲ. 1880ರಲ್ಲಿ ಅಣ್ಣ ತೀರಿಕೊಂಡನು. ಅದೇ ವರ್ಷ ಅವರು ಬಿಪಿನ್ ಬಿಹಾರಿ ಮೇಧಾವಿ ಎಂಬ ಬಂಗಾಳಿ ವಕೀಲರನ್ನು ಜಾತಿಯ ಕಟ್ಟನ್ನು ಮೀರಿ ವಿವಾಹವಾದರು. 1881ರಲ್ಲಿ ಮನೋರಮಾ ಎಂಬ ಮಗಳು ಹುಟ್ಟಿದಳು. ಮರುವರ್ಷವೇ ಪತಿ ಕಾಲರಾ ಬೇನೆಗೆ ತುತ್ತಾದರು. ಇಪ್ಪತ್ತನಾಲ್ಕು ತುಂಬುವ ಮೊದಲೇ ರಮಾಬಾಯಿ ವಿಧವೆಯಾದರು.

ಅಂದಿನ ಕಾಲದಲ್ಲಿ ಮೇಲ್ಜಾತಿಯ ಮನೆಗಳಲ್ಲಿ ವಿಧವೆಯ ಬಾಳೆಂದರೆ ಜೀವಂತ ಸೆರೆವಾಸ. ಆಟವಾಡುವ ವಯಸ್ಸಿನಲ್ಲಿ ಮದುವೆಯಾಗಿ, ಗಂಡನ ಮುಖವನ್ನು ಸರಿಯಾಗಿ ಅರಿಯುವ ಮೊದಲೇ ಅವನನ್ನು ಕಳೆದುಕೊಂಡ ಹುಡುಗಿಯರು ಅನೇಕರಿದ್ದರು. ಅವರಿಗೆ ತಲೆ ಬೋಳಿಸಿ, ಒಪ್ಪೊತ್ತಿನ ಊಟ ಹಾಕಿ, ಮನೆಯ ಮೂಲೆಯಲ್ಲಿ ಕೂರಿಸುತ್ತಿದ್ದರು. ಮಂಗಳಕಾರ್ಯಕ್ಕೆ ಅವರ ಮುಖ ಅಪಶಕುನ. ಕೆಲಸಕ್ಕೆ ಮಾತ್ರ ಅವರ ಕೈ ಬೇಕು. ಹೆಣ್ಣುಮಕ್ಕಳ ಶಾಲೆಗಳು ಆಗ ಅಲ್ಲಲ್ಲಿ ತಲೆಯೆತ್ತುತ್ತಿದ್ದವು. ಮೈಸೂರಿನಲ್ಲಿಯೂ 1881ರಲ್ಲಿ ಅಂಬಳೆ ನರಸಿಂಹ ಅಯ್ಯಂಗಾರ್ಯರ ಪ್ರಯತ್ನದಿಂದ ಮಹಾರಾಣಿಯವರ ಬಾಲಿಕಾ ಪಾಠಶಾಲೆ ಆರಂಭವಾಗಿತ್ತು. ಆದರೆ ಶಾಲೆಗೆ ಬರಲು ಮನೆಯವರು ಹೊಸ್ತಿಲು ದಾಟಲು ಬಿಡಬೇಕಷ್ಟೆ! ವಿಧವೆಯಾದ ಹುಡುಗಿಗೆ ಪಾಠಕ್ಕಿಂತ ಮೊದಲು ಬೇಕಾದುದು ನಿರ್ಭಯವಾಗಿ ಉಂಡು ಮಲಗಬಲ್ಲ ಒಂದು ನೆಲೆ. ಈ ಸತ್ಯವನ್ನು ನೆಲೆಯಿಲ್ಲದೆ ಬೆಳೆದ ರಮಾಬಾಯಿಯವರು ಚೆನ್ನಾಗಿ ಅರಿತಿದ್ದರು.

1882ರಲ್ಲಿ ಅವರು ಪುಣೆಗೆ ಬಂದು ಆರ್ಯ ಮಹಿಳಾ ಸಮಾಜವನ್ನು ಸ್ಥಾಪಿಸಿದರು. ಮರಾಠಿಯಲ್ಲಿ ಸ್ತ್ರೀಧರ್ಮನೀತಿ ಎಂಬ ಪುಸ್ತಕವನ್ನು ಬರೆದರು. ಶಿಕ್ಷಣವನ್ನು ಕುರಿತು ವಿಚಾರಣೆ ನಡೆಸುತ್ತಿದ್ದ ಹಂಟರ್ ಆಯೋಗದ ಮುಂದೆ ಸಾಕ್ಷ್ಯ ನುಡಿದು, ಹೆಣ್ಣುಮಕ್ಕಳಿಗಾಗಿ ಉಪಾಧ್ಯಾಯಿನಿಯರನ್ನೂ ಸ್ತ್ರೀವೈದ್ಯರನ್ನೂ ಸಿದ್ಧಗೊಳಿಸಬೇಕೆಂದು ಒತ್ತಾಯಪಡಿಸಿದರು. ತಾವೇ ವೈದ್ಯವಿದ್ಯೆಯನ್ನು ಕಲಿಯಬೇಕೆಂದು 1883ರಲ್ಲಿ ಇಂಗ್ಲೆಂಡಿಗೆ ತೆರಳಿದರು. ಕಿವಿ ಮಂದವಾಗಿದ್ದುದರಿಂದ ಆ ಆಸೆ ಕೈಗೂಡಲಿಲ್ಲ. ಅಲ್ಲಿ ಅವರು ಕ್ರೈಸ್ತಮತವನ್ನು ಸ್ವೀಕರಿಸಿದರು. ಚೆಲ್ಟನ್‌ಹ್ಯಾಮ್ ಮಹಿಳಾ ಕಾಲೇಜಿನಲ್ಲಿ ಸಂಸ್ಕೃತವನ್ನು ಕಲಿಸುತ್ತ, ತಾವು ಬೇರೆ ವಿಷಯಗಳನ್ನು ಕಲಿಯುತ್ತ, ಹೆಣ್ಣುಮಕ್ಕಳ ದೊಡ್ಡ ಶಾಲೆಯೊಂದು ನಡೆಯುವ ಬಗೆಯನ್ನು ಕಣ್ಣಾರೆ ಕಂಡರು.

1886ರಲ್ಲಿ ಅವರ ಬಂಧುವಾದ ಆನಂದಿಬಾಯಿ ಜೋಶಿಯವರು ಅಮೆರಿಕದಲ್ಲಿ ವೈದ್ಯ ಪದವಿಯನ್ನು ಪಡೆದರು. ಆ ಸಮಾರಂಭಕ್ಕೆ ಹೋದ ರಮಾಬಾಯಿಯವರು ಎರಡು ವರ್ಷಗಳಿಗೂ ಮಿಗಿಲಾಗಿ ಅಲ್ಲಿಯೇ ನಿಂತು ಊರೂರು ಸುತ್ತಿ ಭಾಷಣ ಮಾಡಿದರು. ಮೇಲ್ಜಾತಿಯ ಹಿಂದೂ ಸ್ತ್ರೀಯರ ಸ್ಥಿತಿಯನ್ನು ಕುರಿತು ಇಂಗ್ಲಿಷಿನಲ್ಲಿ ಪುಸ್ತಕ ಬರೆದರು. ಶಿಶುವಿಹಾರದ ಶಿಕ್ಷಣಕ್ರಮವನ್ನು ಅಭ್ಯಾಸ ಮಾಡಿದರು. 1887ರಲ್ಲಿ ಬಾಸ್ಟನ್ ನಗರದ ಹಿತೈಷಿಗಳು ರಮಾಬಾಯಿ ಸಂಘವನ್ನು ಕಟ್ಟಿ, ಅವರ ಶಾಲೆಗೆ ಹತ್ತು ವರ್ಷಗಳ ಕಾಲ ನೆರವು ನೀಡುವುದಾಗಿ ಮಾತು ಕೊಟ್ಟರು. ಶಾಲೆಯಲ್ಲಿ ಯಾವ ಮತವನ್ನೂ ಬೋಧಿಸಬಾರದು, ಯಾರ ಆಚಾರಕ್ಕೂ ಅಡ್ಡಿ ಬರಬಾರದು ಎಂಬ ನಿಯಮವೂ ಗೊತ್ತಾಯಿತು.

1889ರ ಮಾರ್ಚ್ 11ರಂದು ಮುಂಬಯಿಯ ಚೌಪಾಟಿಯಲ್ಲಿ ಶಾರದಾ ಸದನವು ಆರಂಭವಾಯಿತು. ಮೊದಲಿಗೆ ಇದ್ದ ವಿದ್ಯಾರ್ಥಿನಿಯರು ಇಬ್ಬರೇ. ಅವರಲ್ಲಿ ಗೋದೂಬಾಯಿ ಎಂಬಾಕೆ ವಿಧವೆ. ಬಾಲ್ಯದಲ್ಲಿ ಮದುವೆಯಾಗಿ ಕೆಲವೇ ತಿಂಗಳುಗಳಲ್ಲಿ ಗಂಡನನ್ನು ಕಳೆದುಕೊಂಡಿದ್ದ ಆಕೆಗೆ ಆಗ ಸುಮಾರು 24 ವರ್ಷ. ತಂಗಿಯನ್ನು ಮೂಲೆಯಲ್ಲಿ ಕೂರಿಸಲೊಲ್ಲದ ಅಣ್ಣನು ಧೈರ್ಯ ಮಾಡಿ ಸದನಕ್ಕೆ ತಂದು ಸೇರಿಸಿದ್ದನು. ಇಬ್ಬರಿಗಾಗಿ ಒಂದು ಶಾಲೆಯೇ ಎಂದು ಜನ ನಕ್ಕಿರಬಹುದು. ರಮಾಬಾಯಿಯವರು ಅದನ್ನು ಲೆಕ್ಕಿಸಲಿಲ್ಲ. 1890ರಲ್ಲಿ ಸದನವು ಪುಣೆಗೆ ಸ್ಥಳಾಂತರವಾಯಿತು. ಹುಡುಗಿಯರ ಸಂಖ್ಯೆ ಬೆಳೆಯತೊಡಗಿತು.

ಸದನದ ಬದುಕು ಸರಳವಾಗಿತ್ತು. ಓದು, ಬರಹ, ಲೆಕ್ಕ, ಇಂಗ್ಲಿಷು ಇವುಗಳ ಪಾಠ ನಡೆಯುತ್ತಿತ್ತು. ಚಿಕ್ಕ ಮಕ್ಕಳಿಗೆ ಪಾಠ ಹೇಳುವ ಕ್ರಮವನ್ನು ದೊಡ್ಡವರಿಗೆ ಕಲಿಸಿ, ಅವರು ಮುಂದೆ ಉಪಾಧ್ಯಾಯಿನಿಯರಾಗಿ ತಮ್ಮ ಅನ್ನವನ್ನು ತಾವೇ ಗಳಿಸುವಂತೆ ಮಾಡುವುದು ರಮಾಬಾಯಿಯವರ ಗುರಿಯಾಗಿತ್ತು. ಮಡಿ, ಊಟ, ವ್ರತ ಇವುಗಳಲ್ಲಿ ಹುಡುಗಿಯರು ತಮ್ಮ ಮನೆಯ ಪದ್ಧತಿಯಂತೆ ನಡೆದುಕೊಳ್ಳಲು ಅವಕಾಶವಿತ್ತು. ಪುಸ್ತಕ ಭಂಡಾರದಲ್ಲಿ ಹಿಂದೂ ಧರ್ಮಗ್ರಂಥಗಳೂ ಬೈಬಲ್ಲೂ ಒಂದೆಡೆ ಇದ್ದವು. ಇವೆಲ್ಲಕ್ಕಿಂತ ಮಿಗಿಲಾಗಿ ಆ ಮನೆಯಲ್ಲಿ ಯಾರ ಮುಖವೂ ಅಪಶಕುನವಾಗಿರಲಿಲ್ಲ. ಹುಡುಗಿಯರು ನಗಬಹುದಿತ್ತು, ಆಡಬಹುದಿತ್ತು, ತೋಟದಲ್ಲಿ ತಿರುಗಾಡಬಹುದಿತ್ತು. ಯಾವ ಕೋಣೆಯ ಬಾಗಿಲೂ ಅವರಿಗೆ ಮುಚ್ಚಿರಲಿಲ್ಲ. ರಮಾಬಾಯಿಯವರ ಕೋಣೆಯದು ಕೂಡ.

ಈ ತೆರೆದ ಬಾಗಿಲೇ ಮುಂದೆ ದೊಡ್ಡ ಬಿಕ್ಕಟ್ಟಿಗೆ ಕಾರಣವಾಯಿತು. ರಮಾಬಾಯಿಯವರು ತಮ್ಮ ಕೋಣೆಯಲ್ಲಿ ಮಗಳೊಡನೆ ಪ್ರಾರ್ಥನೆ ಮಾಡುತ್ತಿದ್ದರು. ಅವರ ಮೇಲಿನ ಪ್ರೀತಿಯಿಂದ ಕೆಲವು ಹುಡುಗಿಯರು ಬಂದು ಕುಳಿತುಕೊಳ್ಳತೊಡಗಿದರು. ಮತಬೋಧನೆ ಇಲ್ಲವೆಂದು ನಂಬಿ ಮಕ್ಕಳನ್ನು ಕಳುಹಿಸಿದ ಪೋಷಕರಿಗೆ ಇದು ಕಳವಳವನ್ನು ಉಂಟುಮಾಡಿತು. ಪತ್ರಿಕೆಗಳಲ್ಲಿ ಟೀಕೆಗಳು ಬಂದವು. ಸದನಕ್ಕೆ ಬೆಂಬಲವಾಗಿದ್ದ ನ್ಯಾಯಮೂರ್ತಿ ರಾನಡೆ, ಡಾಕ್ಟರ್ ಭಂಡಾರ್ಕರ್ ಮೊದಲಾದ ಹಿರಿಯರೂ ಚಿಂತೆಗೀಡಾದರು. ತಾನು ಯಾರನ್ನೂ ಕರೆಯುವುದಿಲ್ಲ, ಬಂದವರನ್ನು ಹೊರಗೆ ಅಟ್ಟುವುದೂ ಇಲ್ಲ. ಪ್ರತಿಯೊಬ್ಬ ತಾಯಿಗೂ ತನ್ನ ಮನೆಯಲ್ಲಿ ಇರುವ ಸ್ವಾತಂತ್ರ್ಯ ತನಗೂ ಇರಬೇಕು ಎಂಬುದು ರಮಾಬಾಯಿಯವರ ನಿಲುವು. ಎಳೆಯ ಮನಸ್ಸಿನ ಮೇಲೆ ಗುರುವಿನ ನಡತೆಯೇ ಬೋಧನೆಯಲ್ಲವೇ ಎಂಬುದು ಎದುರಾಳಿಗಳ ಪ್ರಶ್ನೆ. ಎರಡು ಮಾತುಗಳಲ್ಲಿಯೂ ಹುರುಳಿತ್ತು. 1893ರಲ್ಲಿ ಸಲಹಾ ಮಂಡಲಿಯ ಹಿರಿಯರು ರಾಜೀನಾಮೆ ನೀಡಿದರು. ಇಪ್ಪತ್ತಕ್ಕೂ ಹೆಚ್ಚು ಹುಡುಗಿಯರನ್ನು ಪೋಷಕರು ಬಿಡಿಸಿಕೊಂಡು ಹೋದರು. ಓದಿನ ರುಚಿಯನ್ನು ಆಗತಾನೆ ಕಂಡಿದ್ದ ಆ ಹುಡುಗಿಯರಿಗೆ ಈ ವಿವಾದದಲ್ಲಿ ಮಾತನಾಡುವ ಅವಕಾಶವೇ ಇರಲಿಲ್ಲ. ಹೆಚ್ಚು ಕಳೆದುಕೊಂಡವರು ಮಾತ್ರ ಅವರೇ. ಸದನ ಮುಚ್ಚಲಿಲ್ಲ. ಆದರೆ 1895ರಲ್ಲಿ ಕೆಲವು ವಿದ್ಯಾರ್ಥಿನಿಯರು ಕ್ರೈಸ್ತರಾದಾಗ ಟೀಕಾಕಾರರ ಸಂಶಯ ಇನ್ನಷ್ಟು ಬಲವಾಯಿತು.

ಅದೇ 1893ರಲ್ಲಿ ಇನ್ನೊಂದು ಘಟನೆಯೂ ನಡೆಯಿತು. ಸದನದ ಮೊದಲ ವಿಧವಾ ವಿದ್ಯಾರ್ಥಿನಿಯಾದ ಗೋದೂಬಾಯಿಯನ್ನು ಪ್ರಾಧ್ಯಾಪಕ ಧೋಂಡೋ ಕೇಶವ ಕರ್ವೆಯವರು ಮದುವೆಯಾದರು. ಕರ್ವೆಯವರ ಹುಟ್ಟೂರಿನ ಜನ ಅವರಿಗೆ ಬಹಿಷ್ಕಾರ ಹಾಕಿದರು. ದಂಪತಿಗಳು ಕುಗ್ಗಲಿಲ್ಲ. ರಮಾಬಾಯಿಯವರ ಹಾದಿಯನ್ನು ಒಪ್ಪದವರೂ ನಂಬಿಕೆಯಿಂದ ಮಕ್ಕಳನ್ನು ಕಳುಹಿಸುವಂತಹ ವಿಧವಾ ಆಶ್ರಮವನ್ನು ಕರ್ವೆಯವರು 1896ರಲ್ಲಿ ಪುಣೆಯಲ್ಲಿ ಸ್ಥಾಪಿಸಿದರು. ಅದೇ ಬೆಳೆದು 1916ರಲ್ಲಿ ಮಹಿಳಾ ವಿಶ್ವವಿದ್ಯಾನಿಲಯದ ಹುಟ್ಟಿಗೆ ದಾರಿಯಾಯಿತು. ಹೀಗೆ ಸದನದಲ್ಲಿ ಹೊತ್ತಿದ ದೀಪದಿಂದ ಬೇರೊಂದು ದೀಪವೂ ಹೊತ್ತಿಕೊಂಡಿತು.

1896ರಲ್ಲಿ ಮಧ್ಯಪ್ರಾಂತದಲ್ಲಿ ಭೀಕರ ಕ್ಷಾಮ ಬಂದಿತು. ಆ ಸುದ್ದಿ ರಮಾಬಾಯಿಯವರಿಗೆ ತಮ್ಮ ತಂದೆತಾಯಿಗಳ ಕೊನೆಯ ದಿನಗಳನ್ನು ನೆನಪಿಗೆ ತಂದಿರಬೇಕು. ಅವರು ತಾವೇ ಹೋಗಿ ಅನಾಥ ಹುಡುಗಿಯರನ್ನು ನೂರುಗಟ್ಟಲೆ ಕರೆತಂದರು. ಆ ವೇಳೆಗೆ ಪುಣೆಯಲ್ಲಿ ಪ್ಲೇಗು ಹಬ್ಬಿತ್ತು. ಅಷ್ಟು ಜನರನ್ನು ನಗರದಲ್ಲಿ ಇರಿಸಿಕೊಳ್ಳುವಂತಿರಲಿಲ್ಲ. ಪುಣೆಗೆ ದೂರದ ಕೇಡಗಾಂವಿನಲ್ಲಿ ಕೊಂಡಿದ್ದ ಬಯಲಿನಲ್ಲಿ ಅವರು ಹೊಸ ನೆಲೆಯನ್ನು ಕಟ್ಟಿದರು. ಅದಕ್ಕೆ ಮುಕ್ತಿ ಎಂದು ಹೆಸರಿಟ್ಟರು. 1900ರ ಗುಜರಾತಿನ ಕ್ಷಾಮದ ತರುವಾಯ ಅಲ್ಲಿ ಸುಮಾರು 2000 ಮಂದಿ ಆಶ್ರಯ ಪಡೆದಿದ್ದರು. ಬಹಿರಂಗವಾಗಿ ಕ್ರೈಸ್ತ ಸಂಸ್ಥೆಯಾಗಿದ್ದ ಮುಕ್ತಿಯಲ್ಲಿ ಹುಡುಗಿಯರು ಓದಿನೊಡನೆ ಬೇಸಾಯ, ನೇಯ್ಗೆ, ಹೊಲಿಗೆ, ಅಚ್ಚಿನ ಕೆಲಸಗಳನ್ನು ಕಲಿತರು. ಕುರುಡರಿಗೆ ಬ್ರೈಲ್ ಲಿಪಿಯಲ್ಲಿ ಓದಲು ಕಲಿಸಲಾಯಿತು. ರಮಾಬಾಯಿಯವರು ಮರಾಠಿಗೆ ಅನುವಾದಿಸಿದ ಬೈಬಲ್ ಅಲ್ಲಿಯ ಹೆಂಗಸರ ಕೈಯಿಂದಲೇ ಅಚ್ಚಾಯಿತು.

ತಾವು ಹುಟ್ಟಿದ ನಾಡನ್ನೂ ಅವರು ಮರೆಯಲಿಲ್ಲ. ಅಂದು ನಿಜಾಮರ ಆಳ್ವಿಕೆಯಲ್ಲಿದ್ದ ಗುಲ್ಬರ್ಗಾದಲ್ಲಿ, ಎಂದರೆ ಇಂದಿನ ಕಲಬುರಗಿಯಲ್ಲಿ, ಹೆಣ್ಣುಮಕ್ಕಳಿಗಾಗಿ ಶಾಲೆಯೊಂದನ್ನು ತೆರೆದರು. ಮಗಳು ಮನೋರಮಾ ಅದರ ಹೊಣೆಯನ್ನು ಹೊತ್ತರು. ತಾಯಿಯ ಎಲ್ಲ ಕೆಲಸಗಳಲ್ಲಿಯೂ ಬಲಗೈಯಾಗಿದ್ದ ಮನೋರಮಾ 1921ರಲ್ಲಿ ತೀರಿಕೊಂಡರು. ಮಗಳ ಅಗಲಿಕೆಯ ನೋವನ್ನು ಹೊತ್ತ ರಮಾಬಾಯಿಯವರು 1922ರ ಏಪ್ರಿಲ್ 5ರಂದು ನಿಧನರಾದರು. ಶಾರದಾ ಸದನಕ್ಕೆ ನೂರು ವರ್ಷ ತುಂಬಿದ 1989ರಲ್ಲಿ ಭಾರತ ಸರ್ಕಾರವು ಅವರ ಚಿತ್ರವಿರುವ ಅಂಚೆಚೀಟಿಯನ್ನು ಹೊರಡಿಸಿತು.

ರಮಾಬಾಯಿಯವರ ವಿಚಾರಗಳೆಲ್ಲವನ್ನೂ ಒಪ್ಪಿದವರು ಅಂದೂ ಕಡಿಮೆ. ಆದರೆ ಅವರ ಕರುಣೆಯನ್ನೂ ಧೈರ್ಯವನ್ನೂ ವಿರೋಧಿಗಳು ಸಹ ಅಲ್ಲಗಳೆಯಲಿಲ್ಲ. ಒಬ್ಬ ಹುಡುಗಿಗೆ ಅಕ್ಷರ ಕಲಿಸಬೇಕೆಂದು ತಂದೆ ಕಾಡಿನಲ್ಲಿ ಮನೆ ಕಟ್ಟಿದರು. ಊರಿನಲ್ಲಿಯೇ ಇದ್ದೂ ಕಾಡುಪಾಲಾಗಿದ್ದ ಸಾವಿರಾರು ಹುಡುಗಿಯರಿಗಾಗಿ ಮಗಳು ಊರಿನ ನಡುವೆಯೇ ಮನೆ ಕಟ್ಟಿದರು. ಇಂದು ಹಳ್ಳಿಯ ಹುಡುಗಿಯೊಬ್ಬಳು ಪೆಟ್ಟಿಗೆ ಹಿಡಿದು ವಿದ್ಯಾರ್ಥಿನಿಲಯದ ಮೆಟ್ಟಿಲನ್ನು ಹತ್ತುವಾಗ ಅವಳಿಗೆ ಅದು ಸಹಜವೆಂದು ತೋರುತ್ತದೆ. ಆ ಮೆಟ್ಟಿಲನ್ನು ಕಟ್ಟಿದವರಲ್ಲಿ ಗಂಗಾಮೂಲದಿಂದ ಬುಟ್ಟಿಯಲ್ಲಿ ಇಳಿದು ಬಂದ ಆ ಮಗುವೂ ಒಬ್ಬಳು.