ಜಾನ್ ಸ್ನೋ: ಮತ್ತಿಗೆ ಅಳತೆ ಹಾಕಿದ ವೈದ್ಯ

ಸಂಚಿಕೆಗೆ ಒಂದು ಲೇಖನ ಬರೆದು ಕಳಿಸು ಎಂದು ನಮ್ಮ ವಿಜ್ಞಾನದ ಗುರುಗಳು ಫೋನ್ ಮಾಡಿದಾಗ ನಾನು ಆಸ್ಪತ್ರೆಯಲ್ಲಿದ್ದೆ. ಮರುದಿನ ಅವ್ವನಿಗೆ ಪಿತ್ತಕೋಶದ ಆಪರೇಷನ್. ಆಪರೇಷನ್ ಮಾಡುವ ಡಾಕ್ಟರು ಐದು ನಿಮಿಷ ಮಾತಾಡಿ ಹೋದರು. ಮತ್ತು ಕೊಡುವ ಡಾಕ್ಟರಮ್ಮ ಮಾತ್ರ ಬಹಳ ಹೊತ್ತು ಕೂತು, ಹಿಂದೆ ಯಾವಾಗಲಾದರೂ ಮತ್ತು ಕೊಟ್ಟಿದ್ದರೇ, ಉಬ್ಬಸ ಇದೆಯೇ, ಹಲ್ಲು ಅಲುಗಾಡುತ್ತದೆಯೇ ಎಂದೆಲ್ಲ ಕೇಳಿ ಬರೆದುಕೊಂಡರು. ಹೊಟ್ಟೆಯ ಆಪರೇಷನ್ನಿಗೆ ಹಲ್ಲಿನ ವಿಚಾರವೇಕೆ ಎಂದು ಅವ್ವನಿಗೆ ನಗು. ಗಂಟಲಿಗೆ ನಳಿಕೆ ಇಳಿಸುವಾಗ ಸಡಿಲವಾದ ಹಲ್ಲು ಕಿತ್ತು ಶ್ವಾಸನಾಳಕ್ಕೆ ಬೀಳಬಹುದಂತೆ. ಇಷ್ಟೊಂದು ಎಚ್ಚರ ಎಲ್ಲಿಂದ ಶುರುವಾಯಿತು ಎಂದು ಆ ರಾತ್ರಿ ಓದುತ್ತ ಕೂತಾಗ ಸಿಕ್ಕವರು ಜಾನ್ ಸ್ನೋ.

ಸ್ನೋ ಹುಟ್ಟಿದ್ದು 1813ರ ಮಾರ್ಚ್ 15ರಂದು, ಇಂಗ್ಲೆಂಡಿನ ಯಾರ್ಕ್ ಊರಿನಲ್ಲಿ. ತಂದೆ ಕೂಲಿಕಾರರು. ಹುಡುಗ ಹದಿನಾಲ್ಕನೆಯ ವಯಸ್ಸಿಗೇ ನ್ಯೂಕ್ಯಾಸಲ್‌ನ ವೈದ್ಯರೊಬ್ಬರ ಬಳಿ ಕೆಲಸ ಕಲಿಯಲು ಸೇರಿದ. ಮುಂದೆ 1836ರಲ್ಲಿ ಲಂಡನ್ನಿಗೆ ಓದಲು ಹೋದದ್ದು ಕಾಲ್ನಡಿಗೆಯಲ್ಲಿ. 1844ರಲ್ಲಿ ಎಂ.ಡಿ. ಆಯಿತು. ಮದ್ಯ ಮುಟ್ಟದ, ಮದುವೆಯಾಗದ, ಮಾತು ಕಡಿಮೆಯ ಮನುಷ್ಯ. 1854ರಲ್ಲಿ ಲಂಡನ್ನಿನ ಬ್ರಾಡ್ ಸ್ಟ್ರೀಟಿನ ಪಂಪಿನ ಹಿಡಿಕೆ ತೆಗೆಸಿ ಕಾಲರಾ ನೀರಿನಿಂದ ಹರಡುತ್ತದೆಂದು ತೋರಿಸಿದವರೂ ಇವರೇ. ಆ ಕಥೆ ಅನೇಕರಿಗೆ ಗೊತ್ತು. ಆದರೆ ಅವರ ಹೊಟ್ಟೆಪಾಡಿನ ಕಸುಬು ಮತ್ತು ಕೊಡುವುದು.

1846ರ ಅಕ್ಟೋಬರಿನಲ್ಲಿ ಅಮೆರಿಕದ ಬಾಸ್ಟನ್‌ನಲ್ಲಿ ಈಥರ್ ಕೊಟ್ಟು ಎಲ್ಲರೆದುರು ಶಸ್ತ್ರಚಿಕಿತ್ಸೆ ಮಾಡಿದರು. ಡಿಸೆಂಬರಿನಲ್ಲಿ ಸುದ್ದಿ ಲಂಡನ್ ತಲುಪಿತು. ಅಲ್ಲಿಯವರೆಗೆ ರೋಗಿಯನ್ನು ನಾಲ್ಕು ಜನ ಅದುಮಿ ಹಿಡಿದು ಕೊಯ್ಯುತ್ತಿದ್ದ ಕಾಲ. ಸಹಜವಾಗಿಯೇ ಎಲ್ಲರೂ ಈಥರಿಗೆ ಮುಗಿಬಿದ್ದರು. ಕೆಲವರಿಗೆ ಮತ್ತು ಏರಲಿಲ್ಲ, ಕೆಲವರಿಗೆ ವಿಪರೀತ ಏರಿತು. ಸ್ನೋ ಬೇರೆ ರೀತಿ ಯೋಚಿಸಿದರು. ಗಾಳಿ ಬೆಚ್ಚಗಾದಷ್ಟೂ ಅದರಲ್ಲಿ ಈಥರ್ ಆವಿ ಹೆಚ್ಚು ಸೇರುತ್ತದೆ, ಹಾಗಾಗಿ ಛಳಿಯ ದಿನದ ಡೋಸು ಬೇರೆ, ಸೆಕೆಯ ದಿನದ್ದು ಬೇರೆ. ಯಾವ ಉಷ್ಣತೆಗೆ ಎಷ್ಟು ಆವಿ ಎಂದು 1847ರ ಜನವರಿಯಲ್ಲೇ ಕೋಷ್ಟಕ ಮಾಡಿಟ್ಟರು. ಉಷ್ಣತೆ ಒಂದೇ ಸಮ ಇರಲೆಂದು ನೀರಿನ ತೊಟ್ಟಿಯಲ್ಲಿಡುವ ಉಪಕರಣವನ್ನೂ ಮಾಡಿದರು. ಅದೇ ವರ್ಷ ಪುಸ್ತಕವೂ ಬಂತು.

ಅಷ್ಟರಲ್ಲಿ ಎಡಿನ್‌ಬರೋದ ಸಿಂಪ್ಸನ್ ಕ್ಲೋರೋಫಾರ್ಮ್ ತಂದರು. ಉಪಕರಣವೇ ಬೇಡ, ಕರವಸ್ತ್ರದ ಮೇಲೆ ಸುರಿದರೆ ಸಾಕು. ಎರಡೂವರೆ ತಿಂಗಳೂ ಕಳೆಯಲಿಲ್ಲ. 1848ರ ಜನವರಿ 28ರಂದು, ನ್ಯೂಕ್ಯಾಸಲ್ ಬಳಿಯ ವಿನ್‌ಲೇಟನ್ ಎಂಬಲ್ಲಿ ಹ್ಯಾನಾ ಗ್ರೀನರ್ ಎಂಬ ಹದಿನೈದರ ಹುಡುಗಿಗೆ ಕಾಲುಬೆರಳಿನ ಉಗುರು ತೆಗೆಯಬೇಕಿತ್ತು. ಬಟ್ಟೆಯ ಮೇಲೆ ಒಂದು ಚಮಚ ಕ್ಲೋರೋಫಾರ್ಮ್ ಹಾಕಿ ಹಿಡಿದರು. ಎರಡು ಮೂರು ನಿಮಿಷದಲ್ಲಿ ಹುಡುಗಿ ಸತ್ತೇಹೋದಳು. ಉಗುರಿಗಾಗಿ ಒಂದು ಜೀವ! ನಮ್ಮ ಒಂಬತ್ತು, ಹತ್ತನೇ ತರಗತಿಯ ಹೆಣ್ಣುಮಕ್ಕಳ ವಯಸ್ಸು ಅವಳದು.

ಎಚ್ಚರಿಸಲೆಂದು ಬಾಯಿಗೆ ಹಾಕಿದ ಬ್ರಾಂದಿ ಮತ್ತು ನೀರು ನೆತ್ತಿಗೇರಿ ಉಸಿರು ಕಟ್ಟಿತು ಎಂದು ಸಿಂಪ್ಸನ್ ವಾದಿಸಿದರು. ಸ್ನೋ ಒಪ್ಪಲಿಲ್ಲ. ಕರವಸ್ತ್ರದಿಂದ ಒಮ್ಮೆಲೇ ಗಾಢವಾದ ಆವಿ ಒಳಗೆ ಹೋಗಿ ಹೃದಯವೇ ನಿಂತಿದೆ ಎಂಬುದು ಅವರ ನಿಲುವು. ಪ್ರಾಣಿಗಳ ಮೇಲೆ ಪರೀಕ್ಷಿಸಿ, ಉಸಿರಾಡುವ ಗಾಳಿಯಲ್ಲಿ ಕ್ಲೋರೋಫಾರ್ಮ್ ಶೇ 5 ದಾಟಬಾರದು, ಶೇ 8ರಿಂದ 10 ಆದರೆ ಅಪಾಯ ಎಂದು ಲೆಕ್ಕ ಕೊಟ್ಟರು. ಎಲ್ಲಿ ಯಾರು ಕ್ಲೋರೋಫಾರ್ಮಿನಿಂದ ಸತ್ತರೂ ವಿವರ ತರಿಸಿ, ಕಾರಣ ಹುಡುಕುತ್ತಿದ್ದರು. ಹೀಗೆ ಕೂಡಿಟ್ಟ ಸಾವುಗಳು ಐವತ್ತು. ನಮ್ಮ ಕಚೇರಿಯಲ್ಲಿ ಸರ್ವರ್ ಕೆಟ್ಟು ನಿಂತರೆ ಮರುದಿನ ಕೂತು ಎಲ್ಲಿ ಎಡವಿದೆವೆಂದು ಬರೆಯುತ್ತೇವೆ. ಅದಕ್ಕೊಂದು ದೊಡ್ಡ ಹೆಸರೂ ಇದೆ, ಹೊಸದೆಂದುಕೊಂಡಿದ್ದೆ.

1853ರ ಏಪ್ರಿಲ್ 7ರಂದು ವಿಕ್ಟೋರಿಯಾ ರಾಣಿಯ ಹೆರಿಗೆಗೆ ಕ್ಲೋರೋಫಾರ್ಮ್ ಕೊಡಲು ಕರೆ ಬಂತು. 53 ನಿಮಿಷ, ಸ್ವಲ್ಪ ಸ್ವಲ್ಪವೇ ಕೊಟ್ಟರು. ಸೋಜಿಗವೆಂದರೆ ಅಲ್ಲಿ ಬಳಸಿದ್ದು ಉಪಕರಣವನ್ನಲ್ಲ, ಕರವಸ್ತ್ರವನ್ನೇ! ಆದರೆ ಹನಿ ಅಳೆದು. ರಾಣಿಯೇ ತೆಗೆದುಕೊಂಡ ಮೇಲೆ ಹೆರಿಗೆಯ ಮತ್ತಿಗಿದ್ದ ವಿರೋಧ ಕುಗ್ಗಿತು.

ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಅಮೈಲೀನ್ ಪ್ರಸಂಗ. ಕ್ಲೋರೋಫಾರ್ಮಿಗಿಂತ ಒಳ್ಳೆಯದು ಬೇಕೆಂದು 1856ರಲ್ಲಿ ಸ್ನೋ ಅವರೇ ಈ ಹೊಸ ದ್ರವ ಬಳಸತೊಡಗಿದರು. 238 ಸಲ ಕೊಟ್ಟರು. ಇಬ್ಬರು ಸತ್ತರು. ಬೇರೆಯವರ ಕೈಯಲ್ಲಲ್ಲ, ತಮ್ಮದೇ ಕೈಯಲ್ಲಿ. ಎರಡನ್ನೂ ಮುಚ್ಚಿಡದೆ ಬರೆದು ಪ್ರಕಟಿಸಿ, ಅಮೈಲೀನ್ ಕೈಬಿಟ್ಟರು.

1858ರ ಜೂನ್ 10ರಂದು ಕ್ಲೋರೋಫಾರ್ಮಿನ ಪುಸ್ತಕ ಬರೆಯುತ್ತಿರುವಾಗಲೇ ಪಾರ್ಶ್ವವಾಯು ಬಡಿಯಿತು. 16ರಂದು ತೀರಿಕೊಂಡರು. ವಯಸ್ಸು 45. ಪುಸ್ತಕವನ್ನು ಗೆಳೆಯ ರಿಚರ್ಡ್‌ಸನ್ ಅದೇ ವರ್ಷ ಹೊರತಂದರು.

ಮುಂದಿನ ಅಧ್ಯಾಯ ನಮ್ಮ ಸೀಮೆಗೆ ತಾಗುತ್ತದೆ. ರಾಯಚೂರು ಆಗ ನಿಜಾಮರ ರಾಜ್ಯದಲ್ಲಿತ್ತಲ್ಲ. ಹೃದಯವಲ್ಲ, ಮೊದಲು ನಿಲ್ಲುವುದು ಉಸಿರೇ ಎಂದು ಹಟ ಹಿಡಿದಿದ್ದ ಹೈದರಾಬಾದಿನ ವೈದ್ಯ ಎಡ್ವರ್ಡ್ ಲಾರಿ ಅವರಿಗಾಗಿ ಆರನೆಯ ನಿಜಾಮರು ಹಣ ಕೊಟ್ಟು 1888 ಮತ್ತು 1889ರಲ್ಲಿ ಎರಡು ಕ್ಲೋರೋಫಾರ್ಮ್ ಆಯೋಗ ನಡೆಸಿದರು. ನಾಯಿ, ಕೋತಿಗಳ ಮೇಲೆ ನೂರಾರು ಪ್ರಯೋಗ. ತೀರ್ಪು ಲಾರಿಯವರ ಪರವಾಯಿತು. ಆದರೆ 1911ರಲ್ಲಿ ಲಂಡನ್ನಿನ ಗುಡ್‌ಮನ್ ಲೆವಿ ಬೆಕ್ಕುಗಳ ಮೇಲೆ ಪರೀಕ್ಷಿಸಿ, ಮತ್ತು ಇನ್ನೂ ಹಗುರವಾಗಿರುವಾಗಲೇ ಹೃದಯ ಅದುರಿ ನಿಲ್ಲಬಲ್ಲದೆಂದು ತೋರಿಸಿದರು. ಅಂದರೆ ಹೃದಯದ ವಿಚಾರದಲ್ಲಿ ಸ್ನೋ ಸರಿ. ಡೋಸು ಹೆಚ್ಚಾದರೆ ಮಾತ್ರ ಹಾಗಾಗುತ್ತದೆಂದು ನಂಬಿದ್ದರಲ್ಲಿ ತಪ್ಪಿದ್ದರು. ಹ್ಯಾನಾಳಿಗೂ ಪೂರ್ತಿ ಮತ್ತೇರುವ ಮೊದಲೇ ಕತ್ತರಿ ತಾಗಿತ್ತು.

ಮರುದಿನ ಅವ್ವನನ್ನು ಹೊರಗೆ ತಂದಾಗ ಬೆರಳಿಗೆ ಕ್ಲಿಪ್ ಇನ್ನೂ ಇತ್ತು. ಕಣ್ಣು ಬಿಟ್ಟವರೇ ಮೊದಲು ಹಲ್ಲು ಮುಟ್ಟಿ ನೋಡಿಕೊಂಡರು.