ದಂಡಿನ ಲೆಕ್ಕ ಹಿಡಿದವನು

ಯುದ್ಧದ ಚರಿತ್ರೆಯಲ್ಲಿ ಕತ್ತಿ ಹಿಡಿದವನಿಗೆ ಅಧ್ಯಾಯಗಳೇ ಮೀಸಲು; ದಂಡಿನ ಹಿಂದೆ ಗಾಡಿ ಸಾಗಿಸಿದವನಿಗೆ ಒಂದು ಅಡಿಟಿಪ್ಪಣಿ ಸಿಕ್ಕರೆ ಹೆಚ್ಚು. 1861ರಿಂದ 1865ರವರೆಗೆ ನಡೆದ ಅಮೆರಿಕದ ಅಂತರ್ಯುದ್ಧದ ಬಗ್ಗೆ ಅಷ್ಟಿಷ್ಟು ಓದಿದವರಿಗೂ ಲಿಂಕನ್, ಗ್ರ್ಯಾಂಟ್, ಲೀ ಪರಿಚಿತರು. ಆ ವರ್ಷಗಳಲ್ಲಿ ಉತ್ತರದ ಸೇನೆಗೆ ಬಟ್ಟೆ, ಬೂಟು, ಡೇರೆ, ಕುದುರೆ, ಮೇವು ಒದಗಿಸಿದ ಕ್ವಾರ್ಟರ್‌ಮಾಸ್ಟರ್ ಜನರಲ್ ಮಾಂಟ್ಗೊಮರಿ ಮೆಗ್ಸ್‌ನ ಹೆಸರು ಮಾತ್ರ ಅಪರಿಚಿತ. ಈ ಮನುಷ್ಯನ ಬಗ್ಗೆ ನನಗೆ ಎಷ್ಟು ಗೌರವವಿದೆಯೋ ಅಷ್ಟೇ ಅಳುಕೂ ಇದೆ.

1816ರಲ್ಲಿ ಜಾರ್ಜಿಯಾದಲ್ಲಿ ಹುಟ್ಟಿ ಫಿಲಡೆಲ್ಫಿಯಾದಲ್ಲಿ ಬೆಳೆದ ಮೆಗ್ಸ್, ವೆಸ್ಟ್ ಪಾಯಿಂಟ್ ಸೇನಾ ಅಕಾಡೆಮಿಯಲ್ಲಿ ಓದಿ ಎಂಜಿನಿಯರ್ ಆದ. 1837ರಲ್ಲಿ ಮಿಸಿಸಿಪ್ಪಿ ನದಿಯ ಸರ್ವೆಗೆ ಹೋದಾಗ ಅವನ ಮೇಲಧಿಕಾರಿಯಾಗಿದ್ದವನು ರಾಬರ್ಟ್ ಇ. ಲೀ. ಮುಂದೆ ದಕ್ಷಿಣದ ಸೇನಾಪತಿಯಾದವನು ಇವನೇ.

1853ರಲ್ಲಿ ಯುದ್ಧ ಸಚಿವ ಜೆಫರ್ಸನ್ ಡೇವಿಸ್ ಮೆಗ್ಸ್‌ನ ಕೈಗೆ ಎರಡು ದೊಡ್ಡ ಕೆಲಸ ಒಪ್ಪಿಸಿದ: ವಾಷಿಂಗ್ಟನ್ನಿಗೆ ಪೊಟೊಮ್ಯಾಕ್ ನದಿಯ ನೀರು ತರುವುದು ಮತ್ತು ಸಂಸತ್ ಭವನದ ವಿಸ್ತರಣೆಯ ಮೇಲ್ವಿಚಾರಣೆ. ನೀರಿನ ಹಾದಿಯಲ್ಲಿ ಕ್ಯಾಬಿನ್ ಜಾನ್ ಕಣಿವೆಗೆ ಆತ ಕಟ್ಟಿಸಿದ ಕಲ್ಲಿನ ಕಮಾನು 220 ಅಡಿ ಅಗಲದ್ದು. 1903ರವರೆಗೂ ಜಗತ್ತಿನ ಅತಿ ದೊಡ್ಡ ಕಲ್ಲಿನ ಕಮಾನು ಅದೇ. ಆತ ವಿನಯವಂತನೇನಲ್ಲ, ಕಾಮಗಾರಿಯ ಕಬ್ಬಿಣದ ಕೊಳವೆಗಳ ಮೇಲೂ ತನ್ನ ಹೆಸರು ಅಚ್ಚೊತ್ತಿಸುತ್ತಿದ್ದ. ಆದರೆ ಸರ್ಕಾರದ ಒಂದು ಡಾಲರೂ ಪೋಲಾಗಲು ಬಿಡಲಿಲ್ಲ. ನಂತರ ಬಂದ ಯುದ್ಧ ಸಚಿವ ಜಾನ್ ಫ್ಲಾಯ್ಡ್ ತನ್ನವರಿಗೆ ಗುತ್ತಿಗೆ ಕೊಡಿಸಲು ಹೊರಟಾಗ ಮೆಗ್ಸ್ ಅಡ್ಡ ನಿಂತ. ಫಲ, 1860ರಲ್ಲಿ ಫ್ಲಾರಿಡಾದಾಚೆಯ ಡ್ರೈ ಟಾರ್ಟುಗಾಸ್ ದ್ವೀಪದ ಕೋಟೆಗೆ ಎತ್ತಂಗಡಿ. ನಮ್ಮ ಓದುಗರಿಗೆ ಈ ಪದ್ಧತಿಯನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕೆಲವೇ ತಿಂಗಳಲ್ಲಿ ಎಲ್ಲವೂ ತಲೆಕೆಳಗಾಯಿತು. ಡೇವಿಸ್ ಬಂಡೆದ್ದ ದಕ್ಷಿಣದ ಅಧ್ಯಕ್ಷನಾದ, ಫ್ಲಾಯ್ಡ್ ಅಲ್ಲಿಯ ಸೇನೆ ಸೇರಿದ, ಲೀ ರಾಜೀನಾಮೆ ಕೊಟ್ಟು ಹೊರಟ. ಆಗಿನ ಕ್ವಾರ್ಟರ್‌ಮಾಸ್ಟರ್ ಜನರಲ್ ಜೋಸೆಫ್ ಜಾನ್‌ಸ್ಟನ್ ಕೂಡ ಅತ್ತಲೇ ನಡೆದ. ಹಾಗೆ ತೆರವಾದ ಕುರ್ಚಿಯಲ್ಲಿ 1861ರ ಮೇ ತಿಂಗಳಲ್ಲಿ ಮೆಗ್ಸ್ ಕುಳಿತ.

ಆಹಾರಕ್ಕೂ ಮದ್ದುಗುಂಡಿಗೂ ಬೇರೆ ಇಲಾಖೆಗಳಿದ್ದವು. ಉಡುಪು, ಬಿಡಾರ, ಪ್ರಾಣಿಗಳು, ಬಂಡಿ, ಹಡಗು, ರೈಲು ಸಾಗಣೆ, ಕೊನೆಗೆ ಸತ್ತವರ ಸಂಸ್ಕಾರ, ಇವೆಲ್ಲ ಮೆಗ್ಸ್‌ನ ಹೊಣೆ. ಸುಮಾರು 16 ಸಾವಿರ ಸೈನಿಕರಿದ್ದ ಸೇನೆ ಹತ್ತು ಲಕ್ಷದತ್ತ ಬೆಳೆಯಿತು. ಮೊದಲ ವರ್ಷ ಗುತ್ತಿಗೆದಾರರು ಚಿಂದಿಯನ್ನು ಅದುಮಿ ಮಾಡಿದ ಬಟ್ಟೆ ಮಾರಿದರು; ಮಳೆಗೆ ಸಿಕ್ಕಿದ್ದೇ ಅದು ಮೈಮೇಲೆಯೇ ಬಿಚ್ಚಿಕೊಂಡಿತು. ಬಹಿರಂಗ ಟೆಂಡರು, ಸರಕಿನ ತಪಾಸಣೆ, ಬರಹದ ಲೆಕ್ಕ, ಇವೇ ಮೆಗ್ಸ್‌ನ ಆಯುಧಗಳಾದವು. ಜಾರ್ಜಿಯಾವನ್ನು ಸೀಳಿಕೊಂಡು ಸಮುದ್ರ ತಲುಪಿದ ಷರ್ಮನ್ನನ ಪಡೆಗೆ ಬೇಕಾದುದನ್ನೆಲ್ಲ ಕೂಡಿಸಿಕೊಡಲು 1865ರ ಜನವರಿಯಲ್ಲಿ ಆತನೇ ಸವಾನ್ನಾಕ್ಕೆ ಹೋದ. ಯುದ್ಧ ಮುಗಿಯುವ ಹೊತ್ತಿಗೆ ಅವನ ಇಲಾಖೆಯ ಮೂಲಕ ಸುಮಾರು 150 ಕೋಟಿ ಡಾಲರ್ ಹರಿದಿತ್ತು. ಅದರಲ್ಲಿ ಆತನ ಕೈಗೆ ಕಳಂಕ ಅಂಟಲಿಲ್ಲ.

ನನ್ನ ಅಳುಕು ಶುರುವಾಗುವುದು ಇಲ್ಲಿಂದ. 1864ರಲ್ಲಿ ವಾಷಿಂಗ್ಟನ್ನಿನ ಸ್ಮಶಾನಗಳು ತುಂಬಿಹೋದವು. ಹೊಸ ಜಾಗಕ್ಕಾಗಿ ಮೆಗ್ಸ್ ಬೆರಳು ತೋರಿಸಿದ್ದು ನದಿಯಾಚೆಯ ಆರ್ಲಿಂಗ್ಟನ್ ಗುಡ್ಡಕ್ಕೆ; ಲೀಯ ಹೆಂಡತಿಯ ಎಸ್ಟೇಟು ಅದು. ಮನೆಯಲ್ಲಿ ಬೀಡುಬಿಟ್ಟಿದ್ದ ಅಧಿಕಾರಿಗಳು ಶವಗಳನ್ನು ದೂರದಲ್ಲಿ ಹೂಳಿಸುತ್ತಿರುವುದು ತಿಳಿದು ಆತ ಕೆರಳಿದ. ಗುಲಾಬಿ ತೋಟದ ಅಂಚಿನಲ್ಲೇ, ಮನೆಯ ಬಾಗಿಲಿಗೆ ಕಾಣುವಂತೆ ಗೋರಿಗಳನ್ನು ತೋಡಿಸಿದ. 1866ರಲ್ಲಿ ಅದೇ ತೋಟದ ಪಕ್ಕ ಗುರುತು ಸಿಗದ 2,111 ಸೈನಿಕರ ಅಸ್ಥಿಗಳನ್ನು ಒಂದೇ ಸಮಾಧಿಯಲ್ಲಿ ಇಡಿಸಿದ. ಲೀ ಸಂಸಾರ ಮತ್ತೆಂದೂ ಅಲ್ಲಿ ಬಾಳದಂತೆ ನೋಡಿಕೊಳ್ಳುವುದೇ ಉದ್ದೇಶವಾಗಿತ್ತು ಎನ್ನುವುದರಲ್ಲಿ ನನಗೆ ಸಂದೇಹವಿಲ್ಲ. ಸೇನೆಯ ಪ್ರಮಾಣ ಮುರಿದವನು ಮೆಗ್ಸ್‌ನ ಕಣ್ಣಿಗೆ ಹಳೆಯ ಸಹೋದ್ಯೋಗಿಯಲ್ಲ, ಲೆಕ್ಕ ಚುಕ್ತಾ ಮಾಡಬೇಕಾದ ಬಾಕಿದಾರ.

ಮಗ ಸತ್ತದ್ದರಿಂದ ಹೀಗಾದನೆಂದು ಹೇಳಿಬಿಡುವುದು ಸುಲಭ. ಆದರೆ ಆರ್ಲಿಂಗ್ಟನ್ ಸ್ಮಶಾನವಾಗಿ ತಿಂಗಳುಗಳು ಕಳೆದ ಮೇಲೆ, 1864ರ ಅಕ್ಟೋಬರ್ 3ರಂದು, ಮಗ ಜಾನ್ ಮೆಗ್ಸ್ ವರ್ಜೀನಿಯಾದಲ್ಲಿ ಗುಂಡೇಟಿಗೆ ಬಲಿಯಾದ. ವಯಸ್ಸು 22. ಅದು ಎದುರುಬದುರು ನಡೆದ ಚಕಮಕಿ ಎಂದು ದಕ್ಷಿಣದವರು ಹೇಳಿದರು. ತಂದೆ ಅದನ್ನು ಕೊಲೆಯೆಂದೇ ನಂಬಿದ. ಮಗ ಕೆಸರಿನಲ್ಲಿ ಬಿದ್ದಿದ್ದ ಹಾಗೆಯೇ ಪುಟ್ಟ ಕಂಚಿನ ಪ್ರತಿಮೆ ಎರಕ ಹೊಯ್ಯಿಸಿದ.

1882ರಲ್ಲಿ ನಿವೃತ್ತನಾದ ಮೇಲೆ ಮೆಗ್ಸ್ ಮಾಜಿ ಸೈನಿಕರ ಪಿಂಚಣಿ ಕಚೇರಿಯ ಇಟ್ಟಿಗೆ ಕಟ್ಟಡವನ್ನು ಕಟ್ಟಿಸಿದ. ಅದರ ಸುತ್ತ 1,200 ಅಡಿ ಉದ್ದಕ್ಕೂ ಸೈನಿಕರ ಮೆರವಣಿಗೆಯ ಉಬ್ಬುಶಿಲ್ಪವಿದೆ. ಬಂಡಿ ಹೊಡೆಯುವವನು ಯುದ್ಧದಿಂದ ಬಿಡುಗಡೆ ಪಡೆದ ಕಪ್ಪು ಗುಲಾಮನೇ ಆಗಿರಬೇಕೆಂದು ಶಿಲ್ಪಿಗೆ ಆತ ಪಟ್ಟು ಹಿಡಿದ. ಅದೇ 1882ರಲ್ಲಿ ಸುಪ್ರೀಂ ಕೋರ್ಟ್ ಆರ್ಲಿಂಗ್ಟನ್ ಲೀಯ ಮಗನದೆಂದು ತೀರ್ಪಿತ್ತಿತು. ಸಾವಿರಾರು ಗೋರಿಗಳ ನಡುವಿನ ಮನೆಗೆ ಮರಳುವಂತಿರಲಿಲ್ಲ; ಮರುವರ್ಷ ಆತ 1,50,000 ಡಾಲರಿಗೆ ಅದನ್ನು ಸರ್ಕಾರಕ್ಕೇ ಮಾರಿದ.

ಮೆಗ್ಸ್ 1892ರ ಜನವರಿ 2ರಂದು ತೀರಿಕೊಂಡ. ಅವನನ್ನು ಹೆಂಡತಿ ಮತ್ತು ಮಗನ ಜೊತೆ ಅದೇ ಗುಡ್ಡದ ಮೇಲೆ ಮಣ್ಣು ಮಾಡಲಾಯಿತು.