ಶಸ್ತ್ರವೈದ್ಯಗುರು ಥಿಯೋಡೋರ್ ಕೋಖರ್

ಕೈಚಳಕದಿಂದ ಕೀರ್ತಿ ಪಡೆದವರು ಲೋಕದಲ್ಲಿ ಹಲವರುಂಟು. ಆದರೆ ತನ್ನ ಕೈಯಿಂದಲೇ ಆದ ಕೆಡುಕನ್ನು ತಾನೇ ಹುಡುಕಿ, ಅದನ್ನು ವಿದ್ವತ್ಸಭೆಯ ಮುಂದಿಟ್ಟು, ಆ ಮೂಲಕ ಜಗತ್ತಿಗೆ ಹೊಸ ಜ್ಞಾನವನ್ನು ದೊರಕಿಸಿದವರು ವಿರಳ. ಅಂತಹ ವಿರಳರಲ್ಲಿ ಸ್ವಿಟ್ಜರ್ಲೆಂಡಿನ ಶಸ್ತ್ರವೈದ್ಯ ಎಮಿಲ್ ಥಿಯೋಡೋರ್ ಕೋಖರ್ ಅವರು ಅಗ್ರಗಣ್ಯರು.

ಕೋಖರ್ ಅವರು 1841ನೆಯ ಇಸವಿ ಆಗಸ್ಟ್ 25ರಂದು ಬರ್ನ್ ನಗರದಲ್ಲಿ ಜನಿಸಿದರು. ಅಲ್ಲಿಯೇ ವೈದ್ಯವಿದ್ಯೆಯನ್ನು ಪೂರೈಸಿ, ಬರ್ಲಿನ್, ಲಂಡನ್, ಪ್ಯಾರಿಸ್, ವಿಯೆನ್ನಾ ನಗರಗಳಿಗೆ ಹೋಗಿ ಅಂದಿನ ಮಹಾವೈದ್ಯರ ಕಾರ್ಯವಿಧಾನವನ್ನು ಕಣ್ಣಾರೆ ಕಂಡುಬಂದರು. 1872ರಲ್ಲಿ, ಇನ್ನೂ ಮೂವತ್ತರ ಹರೆಯದಲ್ಲಿರುವಾಗಲೇ, ಬರ್ನ್ ವಿಶ್ವವಿದ್ಯಾಲಯದ ಶಸ್ತ್ರವೈದ್ಯ ಪ್ರಾಧ್ಯಾಪಕರಾದರು. ಮುಂದೆ ಬೇರೆ ವಿಶ್ವವಿದ್ಯಾಲಯಗಳಿಂದ ಆಹ್ವಾನ ಬಂದರೂ ಹುಟ್ಟೂರನ್ನು ತೊರೆಯಲಿಲ್ಲ.

ಆಲ್ಪ್ಸ್ ಪರ್ವತ ಪ್ರಾಂತದ ಮಣ್ಣಿನಲ್ಲಿಯೂ ನೀರಿನಲ್ಲಿಯೂ ಅಯೋಡಿನ್ ಅತ್ಯಲ್ಪ. ಆದುದರಿಂದ ಕೊರಳಿನ ಥೈರಾಯ್ಡ್ ಗ್ರಂಥಿಯು ಊದಿಕೊಳ್ಳುವ ಗಳಗಂಡರೋಗವು ಅಲ್ಲಿ ಮನೆಮನೆಯ ಸಂಕಟವಾಗಿತ್ತು. ಆ ಗ್ರಂಥಿಗೆ ರಕ್ತನಾಳಗಳು ಹೇರಳ. ಕತ್ತಿ ಸೋಕಿದರೆ ರಕ್ತ ಧಾರೆಯಾಗಿ ಹರಿಯುತ್ತಿತ್ತು. ಬದುಕುಳಿದವರನ್ನೂ ಕೀವು, ನಂಜು ಬಲಿತೆಗೆದುಕೊಳ್ಳುತ್ತಿದ್ದವು. ಕೋಖರ್ ಅವರು ಅವಸರಪಡುವವರಲ್ಲ. ಒಂದೊಂದು ನಾಳವನ್ನೂ ಇಕ್ಕಳದಿಂದ ಹಿಡಿದು, ಕಟ್ಟಿ, ಬಳಿಕವೇ ಮುಂದುವರಿಯುತ್ತಿದ್ದರು. ಲಿಸ್ಟರ್ ಅವರು ತೋರಿಸಿಕೊಟ್ಟ ನಂಜುನಿವಾರಣಾ ಕ್ರಮವನ್ನು ನಿಷ್ಠೆಯಿಂದ ಪಾಲಿಸಿದರು. ಮೊದಲ ವರ್ಷಗಳಲ್ಲಿ ಅವರ ರೋಗಿಗಳಲ್ಲಿ ನೂರಕ್ಕೆ ಹತ್ತಕ್ಕೂ ಮಿಕ್ಕು ಮಂದಿ ಮೃತರಾಗುತ್ತಿದ್ದರೆ, ಮುಂದೆ ಆ ಸಂಖ್ಯೆ ನೂರಕ್ಕೆ ಒಂದಕ್ಕಿಂತಲೂ ಕೆಳಗಿಳಿಯಿತು.

ಆದರೆ ಈ ಸಾಫಲ್ಯದ ಒಡಲಿನಲ್ಲಿಯೇ ಒಂದು ಅನರ್ಥ ಅಡಗಿತ್ತು. 1874ರಲ್ಲಿ ಅವರು ಹನ್ನೊಂದು ವರ್ಷದ ಬಾಲೆಯೊಬ್ಬಳ ಗ್ರಂಥಿಯನ್ನು ಪೂರ್ಣವಾಗಿ ತೆಗೆದಿದ್ದರು. ಗಾಯ ಚೆನ್ನಾಗಿ ಮಾಯಿತು. ವರ್ಷಗಳ ಬಳಿಕ ಆಕೆಯನ್ನು ಮತ್ತೆ ಕಂಡಾಗ ವೈದ್ಯರ ಎದೆ ನಡುಗಿರಬೇಕು. ಬೆಳವಣಿಗೆ ನಿಂತುಹೋಗಿತ್ತು, ಮುಖ ಊದಿಕೊಂಡಿತ್ತು, ಬುದ್ಧಿ ಮಂದವಾಗಿತ್ತು. ಬೆನ್ನಿಗೆ ಹುಟ್ಟಿದ ತಂಗಿ ಅಕ್ಕನನ್ನು ಮೀರಿ ಬೆಳೆದಿದ್ದಳು. 1882ರಲ್ಲಿ ಜಿನೀವಾದ ಶಸ್ತ್ರವೈದ್ಯ ರೆವೆರ್ಡಿನ್ ಅವರೂ ತಮ್ಮ ರೋಗಿಗಳಲ್ಲಿ ಇಂತಹುದೇ ವಿಕಾರಗಳನ್ನು ಕಂಡುದಾಗಿ ತಿಳಿಸಿದರು. ಕೋಖರ್ ಅವರು ಗ್ರಂಥಿಯನ್ನು ಪೂರ್ಣವಾಗಿ ಕಳೆದುಕೊಂಡಿದ್ದ ತಮ್ಮ ರೋಗಿಗಳನ್ನೆಲ್ಲ ಮರಳಿ ಕರೆಸಿದರು. ಬಂದ 18 ಮಂದಿಯಲ್ಲಿ 16 ಮಂದಿ ಅದೇ ವ್ಯಾಧಿಯಿಂದ ಬಾಧಿತರಾಗಿದ್ದರು.

ಮುಚ್ಚಿಟ್ಟಿದ್ದರೆ ಹೆಸರು ಉಳಿಯುತ್ತಿತ್ತು, ರೋಗಿಗಳು ಉಳಿಯುತ್ತಿರಲಿಲ್ಲ. 1883ರಲ್ಲಿ ಬರ್ಲಿನ್ನಿನಲ್ಲಿ ನೆರೆದ ಜರ್ಮನ್ ಶಸ್ತ್ರವೈದ್ಯರ ಸಂಘದ ಅಧಿವೇಶನದಲ್ಲಿ ಕೋಖರ್ ಅವರು ತಮ್ಮ ಶಸ್ತ್ರಕ್ರಿಯೆಯ ದುಷ್ಪರಿಣಾಮವನ್ನು ಅಂಕಿಅಂಶಗಳೊಡನೆ ನಿವೇದಿಸಿದರು. ಗ್ರಂಥಿಯ ಒಂದು ಭಾಗವನ್ನಾದರೂ ಉಳಿಸುವುದು ಅಗತ್ಯವೆಂಬುದು ಅಂದಿನಿಂದ ಸಿದ್ಧಾಂತವಾಯಿತು. ನಿರರ್ಥಕವೆಂದು ಹಲವರು ಬಗೆದಿದ್ದ ಆ ಅವಯವವು ದೇಹದ ಬೆಳವಣಿಗೆಗೂ ಬುದ್ಧಿಯ ವಿಕಾಸಕ್ಕೂ ಆಧಾರವೆಂಬುದು ಬೆಳಕಿಗೆ ಬಂದಿತು. 1891ರಲ್ಲಿ ಇಂಗ್ಲೆಂಡಿನ ಜಾರ್ಜ್ ಮರ್ರೆ ಅವರು ಕುರಿಯ ಥೈರಾಯ್ಡ್ ಗ್ರಂಥಿಯ ಸಾರವನ್ನು ಕೊಟ್ಟು ಇಂತಹ ವ್ಯಾಧಿಗೆ ಚಿಕಿತ್ಸೆಯ ದಾರಿ ತೆರೆದರು.

ಕೋಖರ್ ಅವರ ಶಾಲೆಗೆ ದೂರದೇಶಗಳಿಂದ ಶಿಷ್ಯರು ಬಂದರು. ಮಿದುಳಿನ ಶಸ್ತ್ರವೈದ್ಯಕ್ಕೆ ಅಡಿಗಲ್ಲಿಟ್ಟ ಅಮೆರಿಕದ ಹಾರ್ವೆ ಕುಷಿಂಗ್ ಅವರು 1900–01ರಲ್ಲಿ ಅಲ್ಲಿ ಸಂಶೋಧನೆ ನಡೆಸಿದರು. ಜಪಾನಿನ ಹಯಾಜೊ ಇತೊ ಅವರೂ ಅಲ್ಲಿ ಕಲಿತವರೇ. ಗುರು ಬರೆದ ಶಸ್ತ್ರಕ್ರಿಯಾ ಗ್ರಂಥವು ಅನೇಕ ಭಾಷೆಗಳಿಗೆ ಅನುವಾದಗೊಂಡು, ಬರ್ನ್ ನಗರಕ್ಕೆ ಬರಲಾರದವರಿಗೂ ವಿದ್ಯೆಯನ್ನು ಮುಟ್ಟಿಸಿತು.

1902ರಲ್ಲಿ ಬ್ರಸೆಲ್ಸ್ ನಗರದಲ್ಲಿ ಅಂತರರಾಷ್ಟ್ರೀಯ ಶಸ್ತ್ರವೈದ್ಯ ಸಂಘವು ಸ್ಥಾಪಿತವಾಯಿತು. ಒಂದು ದೇಶದ ವೈದ್ಯನು ಕಂಡುಕೊಂಡುದು ಎಲ್ಲ ದೇಶಗಳ ರೋಗಿಗಳಿಗೂ ಒದಗಬೇಕೆಂಬುದು ಅದರ ಆಶಯ. 1905ರಲ್ಲಿ ಅಲ್ಲಿಯೇ ನಡೆದ ಪ್ರಥಮ ಮಹಾಧಿವೇಶನಕ್ಕೆ ಅಧ್ಯಕ್ಷರಾದವರು ಕೋಖರ್ ಅವರು. ಸ್ವಂತ ತಪ್ಪನ್ನು ಸಭೆಯಲ್ಲಿ ಒಪ್ಪಿಸಬಲ್ಲವರೇ ಇಂತಹ ಪೀಠಕ್ಕೆ ಭೂಷಣ.

1909ರಲ್ಲಿ, ಥೈರಾಯ್ಡ್ ಗ್ರಂಥಿಯನ್ನು ಕುರಿತ ಕಾರ್ಯಕ್ಕಾಗಿ, ಅವರಿಗೆ ನೊಬೆಲ್ ಪಾರಿತೋಷಕ ಸಂದಿತು. ಶಸ್ತ್ರವೈದ್ಯರೊಬ್ಬರಿಗೆ ಈ ಗೌರವ ಲಭಿಸಿದುದು ಅದೇ ಮೊದಲು. 1912ರಲ್ಲಿ ಅವರು ಸಂಶೋಧನೆಗಾಗಿ ಬರ್ನ್ ವಿಶ್ವವಿದ್ಯಾಲಯಕ್ಕೆ ಎರಡು ಲಕ್ಷ ಸ್ವಿಸ್ ಫ್ರಾಂಕುಗಳನ್ನು ದಾನವಿತ್ತರು.

1914ರಲ್ಲಿ ಹೊತ್ತಿದ ಮಹಾಯುದ್ಧವು ಒಂದೇ ಸಭೆಯಲ್ಲಿ ಕುಳಿತಿದ್ದ ವೈದ್ಯರನ್ನು ಶತ್ರುಪಾಳಯಗಳಲ್ಲಿ ನಿಲ್ಲಿಸಿತು. ಆ ಯುದ್ಧ ಮುಗಿಯುವ ಮೊದಲೇ, 1917ರ ಜುಲೈ 27ರಂದು, ಕೋಖರ್ ಅವರು ಕಾಲವಶರಾದರು. ಸಂಘವು 1920ರಲ್ಲಿ ಪ್ಯಾರಿಸ್ಸಿನಲ್ಲಿ ಮತ್ತೆ ನೆರೆಯಿತು, ಇಂದಿಗೂ ಬಾಳಿಬಂದಿದೆ.

ವಿದ್ಯಾರ್ಥಿಗಳು ಈ ಜೀವನದಿಂದ ಅರಿಯಬೇಕಾದುದು ಇಷ್ಟು: ನಿಪುಣನಾದವನು ಗೆದ್ದ ಕಾರ್ಯವನ್ನು ಎಣಿಸಿ ಸುಮ್ಮನಾಗಬಾರದು. ಮನೆಗೆ ಮರಳಿದ ರೋಗಿ ಹೇಗಿದ್ದಾನೆಂದು ಕೇಳುವವರೆಗೆ ವೈದ್ಯನ ಕೆಲಸ ಮುಗಿಯದು; ಕೇಳಿ ತಿಳಿದುದನ್ನು ನಾಲ್ವರಿಗೆ ಹೇಳುವವರೆಗೆ ವಿದ್ವಾಂಸನ ಕೆಲಸ ಮುಗಿಯದು.